ಪಡಸಾಲಿ

ತಂತಿ ಎಳಕೊಂಡು ಬಂದ ಹುಡುಗ ಕಪಾಟಿನ ಮ್ಯಾಲ
ಡಬ್ಬಿ ಕೂಡಿಸಿ, ಎರಡೂ ಕೊಂಬು ನೆಟ್ಟಗ ಮಾಡಿ
'ಪಾಸ್‌ವರ್ಡ್ ಒಂದರಿಂದ ಎಂಟು, ಮೇಡಂ' ಅಂದ.
ತಾರಫೈಲಿನಾಗ ಎಲ್ಲರಿಗೂ ಅದನ್ನೇ ಇಡ್ತಾನಂತ,
ನೆನಪಿಡ್ಲಾಕ ಸಲೀಸು.
ಚೌಕಟ್ಟಿನ ಮ್ಯಾಲಿಟ್ಟ ಕೀಲಿಕೈ ಇದ್ದಂಗ,
ಇಡೀ ಓಣಿಗೆ ಗೊತ್ತು.

ದವಾಖಾನಿ ಪಟ್ಟಿ ಮನ್ಯಾಗ ಕುಂತು ಟೈಪ್ ಮಾಡಾಕಿ ನಾ.
ಯಾರಿಗೆ ಸಕ್ಕರಿ, ಯಾರಿಗೆ ಕ್ಷಯ, ಯಾರ ಬಸಿರು ಇಳೀತು,
ಫರಸಿ ಕಲ್ಲಿನ ಗ್ವಾಡಿ ತಡಿಯಂಗಿಲ್ಲ ಇವನ್ನ;
ಪಾನ್ ಡಬ್ಬಿ ತನಕ ಹೋಗ್ತಾವ ಗಾಳಿಯಾಗ.

ರಾತ್ರಿ ಹತ್ತಕ್ಕ, ಕರೆಂಟು ಬಂದ ಮ್ಯಾಲ, ಒಳಗ ಹೊಕ್ಕೆ.
ಮೊದಲು 'ಅಡ್ಮಿನ್' ಅಳಿಸಿದೆ.
ಕಂಪನಿ ಹೆಸರು ತಗದು 'ಜೋಳದ ಹಿಟ್ಟು' ಅಂತ ಇಟ್ಟೆ.
ಗುಂಡಿ ಒತ್ತಿದ್ರ ಯಾರನ್ನೂ ಬಿಟ್ಟುಕೊಳ್ಳೋ
ಹಿಂದಿನ ಕಳ್ಳಬಾಗಿಲು ಬಂದ್.
ಹೊಸ ಬೀಗಕ್ಕ ನಾಕು ಶಬ್ದ, ಒಂದಕ್ಕೊಂದು ಬೀಗರಲ್ಲ.
ಒಂದು, ನಮ್ಮ ಆಯಿ ಬೈತಿದ್ದ ಬೈಗಳ;
ಯಾವ ಪುಸ್ತಕದಾಗೂ ಸಿಗಂಗಿಲ್ಲ.

ಆಮ್ಯಾಲ ಕೇಳ್ತು:
ಅತಿಥಿಗಳಿಗೆ ಬೇರೆ ಜಾಲ ಬೇಕೆ?

ಮೆಟ್ಟಿಲ ಮ್ಯಾಲ ದಿನಾ ಸಂಜಿಗೆ ತಹಸೀನ್ ಕುಂತಿರ್ತಾಳ,
ನರ್ಸಿಂಗ್ ಎರಡನೇ ವರ್ಷ,
ನಮ್ಮದೇ ಸಿಗ್ನಲ್ಲಿನಾಗ
ಹೃದಯದ ನಾಕು ಕೋಣಿ ಬಾಯಿಪಾಠ ಮಾಡಕೋತ.

ಬೇರೆ.
ಬೆರಳು ಅಲ್ಲೇ ನಿಂತಿತು.
ಚಿತ್ತಾಪುರ ಕಡಿ ಒಂದು ಊರಾಗ
ಆಯಿ ಮಾಪಮ್ಮಗ ಬ್ಯಾರೆ ಕಪ್ಪು,
ಹೊರಗಿನ ಗೂಟಕ್ಕ ತೂಗಹಾಕಿದ್ದು.
ಕುಡದು ತಾನೇ ತೊಳದು ಮತ್ತ ತೂಗಬೇಕು.
ಆ ಮನಿ ಪಡಸಾಲಿ ಆಕಿ
ಜೋಳ ಹಸನ ಮಾಡಕೋತ ದೂರಿಂದಷ್ಟೇ ನೋಡ್ಯಾಳ.
ಈಗ ಆಕಿ ಮೊಮ್ಮಗಳ ಕೈಯಾಗ
ಯಾರು ಎಲ್ಲಿತನಾ ಅನ್ನೋ ಪಟ್ಟಿ.

ಭಾಳೊತ್ತು ಕುಂತೆ. ಫ್ಯಾನ್ ಬಿಸಿಗಾಳಿನೇ ಬೀಸಲತಿತ್ತು.
ಕ್ಷಯ ಆದಾಕಿ ಹೆಸರು ನಂದಲ್ಲ, ಹಂಚಲಾಕ.
ಗುಟ್ಟು ಕಾಯೋದು ಬ್ಯಾರೆ, ಮಡಿ ಕಾಯೋದು ಬ್ಯಾರೆ,
ಆದ್ರ ಗುಂಡಿ ಎರಡಕ್ಕೂ ಒಂದೇ ನಮೂನಿ ಅದ.
ಒತ್ತಿದೆ.

ಮುಂಜಾನಿ ಆಕಿನ್ನ ಒಳಗ ಕರದೆ.
ಮನ್ಯಾಗ ಇರೋವೇ ಎರಡು ಕಪ್ಪು,
ಯಾವುದು ನಂದು ಅಂತ ನನಗೂ ಗೊತ್ತಿಲ್ಲ.
ಚಹಾ ಕುಡದು, ಚೀಟಿ ತಗೊಂಡು,
ಬೆಳಕಿಗೆ ಹಿಡದು, ತಿರುವಿ ನೋಡಿದ್ಲು:
'ಅಕ್ಕಾ, ಇದು ಸೊನ್ನಿನೋ, ಓ ಅಕ್ಷರಾನೋ?'