ಹೆಸರು

ಹಸಿರು ಹಿಟ್ಟು, ಮೊಸರು, ಚಿಟಿಕಿ ಅರಿಷಿಣ
ಕಲಸಿ ಮಂದ ಮಾಡಿ ಹಚ್ಚತೀನಿ
ಮದುವಿ ಹೆಣ್ಣಿನ ಹಣಿಗೆ, ಗಲ್ಲಕ್ಕ, ಕುತ್ತಿಗಿಗೆ.
ಇಪ್ಪತ್ತು ನಿಮಿಷ ನಗಬ್ಯಾಡ್ರಿ ಅಂತೀನಿ.
ಹೆಸರಿನ ವಾಸನಿಗೆ ನನ್ನ ಹೊಟ್ಟಿ ಗುರ್ ಅಂತೈತಿ.

ಅವರ ಮಾರಿಗೆ ಹೆಸರು,
ನನ್ನ ಹೊಟ್ಟಿಗೆ ಸೈಕಲ್ ಪೊದೇರನ ಎರಡು ಪಾವು, ಚಾ.
ಮಾಪುಸಾದಾಗ ಆರು ವರ್ಷ ಹಿಂಗ ನಡೀತು.
ಯಾರೂ ತಕರಾರು ಮಾಡಲಿಲ್ಲ,
ಚರ್ಮ ಒಂದು ಬಿಟ್ಟು.

ಬೆರಳ ಸಂದ್ಯಾಗ ಬಿರುಕು. ಮೊಣಕೈ ಮ್ಯಾಲ
ಹಳೇ ಗ್ವಾಡಿ ಸುಣ್ಣ ಉದುರಿದಂಗ ಹೊಟ್ಟು.
ಒಬ್ಬಾಕಿ ಗಿರಾಕಿ ಕೈ ಹಿಂದಕ್ಕ ಎಳಕೊಂಡ್ಲು.
ಮಾಲಕಿ ಮಾತಾಡದ ಗ್ಲೌಸು ತಂದಿಟ್ಲು.

ದವಾಖಾನಿ ಡಾಕ್ಟರಮ್ಮ ಮುಲಾಮು ಬರದು
ಪೆನ್ನಿನ ಟೊಪಗಿ ಹಾಕೂಮುಂದ ಕೇಳಿದ್ಲು:
ಏನ ಉಣ್ಣತೀರಿ?
ಚರ್ಮಕ್ಕೂ ಹಸಿವು ಐತಿ, ಬರೇ ಹಚ್ಚಿದರ ಸಾಲೂದಿಲ್ಲ,
ಬ್ಯಾಳಿ ತಿನ್ರಿ, ಕಾಳು ತಿನ್ರಿ.
ತಿಂದರ ಆರಾಮ ಆಗತೈತೇನ್ರಿ?
ಆಗಬಹುದು, ಅಂದ್ಲು.

ಆ ‘ಬಹುದು’ ಒಂದನ್ನ ಸೆರಗಿಗೆ ಗಂಟು ಹಾಕ್ಕೊಂಡು
ಶುಕ್ರವಾರದ ಸಂತಿಗೆ ಹೋದೆ.
ಪಿಯೆದಾದ್ ಬಾಯಿ ಗೋಣಿ ಹಾಸಿ ಕುಂತಿದ್ಲು.
ಆಳ್ಸಾಂದೆ, ಅಂದ್ಲು ಆಕಿ.
ಅಲಸಂದಿ, ಅಂದೆ ನಾ.
ಇಬ್ಬರೂ ಒಂದ ಕಾಳು ಹಿಡಕೊಂಡು ನಕ್ವಿ.
ಎಪ್ಪತ್ತು ದಾಟೇತಿ ಆಕಿಗೆ, ಮಾರಿ ತುಂಬ ಸುಕ್ಕು,
ಸಾಕ್ಷಿ ಹೇಳಾಕ ಬರೂ ಚರ್ಮ ಅಲ್ಲ ಅದು.
ತೂಕದ ಮ್ಯಾಲ ಒಂದು ಹಿಡಿ ಹೆಸರು
ಕೊಸರು ಹಾಕಿದ್ಲು.

ರಾತ್ರಿ ಒದ್ದಿ ಅರಿಬ್ಯಾಗ ಕಟ್ಟಿಟ್ಟದ್ದು
ಬೆಳಗಾದರ ಅರಿಬಿ ತೂರಿ ಬಾಲ ಹೊರಗ ಹಾಕಿತ್ತು.
ಅಷ್ಟು ಗಟ್ಟಿ ಸಿಪ್ಪಿ
ಒಳಗಿಂದನ ಒಡದಿತ್ತು.
ಮ್ಯಾಲ ಯಾರೂ ಏನೂ ಹಚ್ಚಿರಲಿಲ್ಲ.

ಎರಡು ತಿಂಗಳಾತು. ಬೆರಳು ಕೂಡ್ಯಾವು.
ಮುಲಾಮೋ, ಗ್ಲೌಸೋ, ಮಳಿ ಬಂದು ಗಾಳಿ ಮೆತ್ತಗಾತೋ,
ದಿನಾ ಒಂದು ಬಟ್ಟಲ ಕಾಳೋ,
ನನಗ ಗೊತ್ತಿಲ್ಲ.
ಮೊಣಕೈ ಇನ್ನೂ ಹಠ ಬಿಟ್ಟಿಲ್ಲ.

ನಿನ್ನೆ ಒಬ್ಬಾಕಿ ನನ್ನ ಕೈ ನೋಡಿ ಕೇಳಿದ್ಲು,
ಯಾವ ಕ್ರೀಮು?
ಊಟದ ಡಬ್ಬಿ ಬಿಚ್ಚಿ ತೋರಿಸಿದೆ.
ಮೊಳಕಿ, ಉಳ್ಳಾಗಡ್ಡಿ, ಮ್ಯಾಲ ಒಂದೀಟು ತೆಂಗಿನಕಾಯಿ.
ಮೂಗು ಮುರಿದು, ಆಮ್ಯಾಲ ಚಮಚಾ ಕೇಳಿದ್ಲು.
ಇಪ್ಪತ್ತು ನಿಮಿಷ ಇನ್ನೂ ಆಗಿರಲಿಲ್ಲ.
ಆಕಿ ಬಾಯಿ ತೆರದ್ಲು,
ಗಲ್ಲದ ಮ್ಯಾಲಿನ ಹಸಿರು
ಪಟ್ ಅಂತ ಬಿರುಕು ಬಿಟ್ಟಿತು.