ಐವತ್ತರಿಂದ ಗುಣಿಸಿ

ಬೆಳಿಗ್ಗೆ ಆರೂವರೆಗೆ ಶಟರು ಎತ್ತುವಾಗ
ಬಂದರಿನ ಗಾಳಿ ನನಗಿಂತ ಮೊದಲು ಒಳಗೆ ನುಗ್ಗುತ್ತದೆ:
ಡೀಸೆಲ್ಲು, ಐಸು, ನಿನ್ನೆಯ ಬಂಗುಡೆ.
ಬೆಂಚಿನ ಮೇಲೆ ಆಗಲೇ ಐದು ಖಾಲಿ ಹೊಟ್ಟೆ.
ಖಾಲಿ ಎಂದು ಹೇಳುವವರು, ಅಷ್ಟೆ.
ಮೊನ್ನೆ ಒಬ್ಬರ ತುಟಿಯ ಮೂಲೆಯಲ್ಲಿ
ಬನ್ಸಿನ ಎಣ್ಣೆ ಹೊಳೆಯುತ್ತಿತ್ತು.
ನಾನು ಎಂತದೂ ಹೇಳಲಿಲ್ಲ.
ರಕ್ತ ಹೇಳುತ್ತದೆ ಬಿಡಿ,
ಅದಕ್ಕೆ ದಾಕ್ಷಿಣ್ಯ ಗೊತ್ತಿಲ್ಲ.

ಪದ್ದು ಮೆಂಡನ್ ಇವತ್ತು ಕುಂಟದೆ ಬಂದರು.
ಕುಂಟಬೇಕಿತ್ತು.
ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ
ಗಡ್ಡೆ ಎಳೆದ ಕಾಲು;
ತೇಡೆ ಮೀನಿನ ಮುಳ್ಳು ಹಿಮ್ಮಡಿಯ ಬದಿಗೆ ಹೊಕ್ಕು
ನಾಲ್ಕು ದಿನ ಬಾಡಿಗೆಯಿಲ್ಲದೆ ಕೂತಿತ್ತು.
ಗೊತ್ತಾದದ್ದು ಹೆಂಡತಿಗೆ, ನೆಲ ಒರೆಸುವಾಗ.
'ಬೇನೆ ಇಜ್ಜಿ ಬಾಯಮ್ಮ' ಅಂದರು ನಗುತ್ತ,
ನೋವಿಲ್ಲದ್ದನ್ನು
ಶಾಲೆಯ ಬಹುಮಾನದಂತೆ ತೋರಿಸುತ್ತ.

ಸಕ್ಕರೆ ಮುನ್ನೂರ ಹನ್ನೆರಡು.

ಕಣ ಎಣಿಸುವ ಮೆಷಿನಿಗೆ ಮಂಗಳವಾರದಿಂದ ರಜೆ.
ಹಾಗಾಗಿ ಹಳೆಯ ಗಾಜಿನ ಚೌಕ,
ಹಳೆಯ ಸೂಕ್ಷ್ಮದರ್ಶಕ, ಹಳೆಯ ನಾನು.
ಒಂದು ಹನಿ ದ್ರಾವಣಕ್ಕೆ ಕೆಂಪೆಲ್ಲ ಕರಗಿ
ಬಿಳಿಯವು ಮಾತ್ರ ಉಳಿಯುತ್ತವೆ,
ನಡುವೆ ನೇರಳೆ ಬೊಟ್ಟು ಇಟ್ಟುಕೊಂಡು.
ನಾಲ್ಕು ಮೂಲೆ ಎಣಿಸಬೇಕು.
ಮೇಲಿನ ಗೆರೆ, ಎಡದ ಗೆರೆ ಮುಟ್ಟಿದವು ಲೆಕ್ಕಕ್ಕೆ;
ಕೆಳಗಿನದು, ಬಲದ್ದು ಮುಟ್ಟಿದರೆ ಇಲ್ಲ.
ಮುನ್ನೂರ ನಲವತ್ತು.
ಐವತ್ತರಿಂದ ಗುಣಿಸಿದರೆ ಹದಿನೇಳು ಸಾವಿರ.

'ಹದಿನೇಳು ಸಾವಿರವಾ!
ನನ್ನ ಸಂಬಳಕ್ಕಿಂತ ಎರಡು ಜಾಸ್ತಿ ಆಯ್ತಲ್ಲ.'

ಜಾಸ್ತಿ ಉಂಟು ಪದ್ದಣ್ಣ. ಆದರೆ
ಜೋನಿಬೆಲ್ಲಕ್ಕೆ ಕಾಲಿಟ್ಟ ಇರುವೆಗಳು ಅವು.
ದೋಣಿ ಮಗುಚಿದಾಗ ದಡದಲ್ಲಿ ಸೇರುತ್ತಾರಲ್ಲ,
ಕೂಗುವವರು ನೂರು, ಹಾರುವವರು ನಾಲ್ಕು,
ಹಾಗೆ.
ಅದನ್ನು ಹೇಳಲಿಲ್ಲ. ಹೇಳಿದ್ದು ಇಷ್ಟೇ:
ವೆನ್ಲಾಕಿಗೆ ಹೋಗಿ. ಇವತ್ತೇ.
ಈ ಚೀಟಿ ಹಿಡ್ಕೊಂಡು, ರಿಕ್ಷಾದಲ್ಲಿ, ನಡೆದಲ್ಲ.

ಅವರು ಹೋದ ಮೇಲೆ ಬೆಂಚು ಖಾಲಿ.
ಬಣ್ಣ ಸರಿ ಹಿಡಿಯುತ್ತದೋ ನೋಡಲು
ಪ್ರತಿ ಸಲ ನನ್ನದೇ ಬೆರಳು ಚುಚ್ಚುತ್ತೇನೆ.
ಡೈರಿಯ ಕೊನೆಯ ಪುಟದಲ್ಲಿ ಹದಿನಾಲ್ಕು ವರ್ಷದ್ದು ಬರೆದಿಟ್ಟಿದ್ದೇನೆ,
ಯಾರೂ ಕೇಳದೆ:
ಸೇರಿದ ವರ್ಷ ಏಳು ಸಾವಿರದ ಇನ್ನೂರು.
ಅಮ್ಮ ಹೋದ ವರ್ಷ ಎಂಟೂವರೆ.
ಆಮೇಲೆ ಒಂಬತ್ತು. ಹತ್ತು.
ಪಕ್ಕದ ಸಾಲಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ:
ಎಂಬತ್ತೆಂಟು, ತೊಂಬತ್ತೈದು, ನೂರ ಮೂರು, ನೂರ ಒಂಬತ್ತು.
ಗಾಯವಿಲ್ಲ, ಜ್ವರವಿಲ್ಲ, ಒಂದು ಸೀನೂ ಇಲ್ಲ.
ಬೆಂಗ್ರೆ ಕಡವಿನ ಮೆಟ್ಟಿಲಿಗೆ
ಭರತದ ನೀರು ಹತ್ತುವುದು ಹೀಗೇ;
ಕೂತು ನೋಡಿದರೆ ಕಾಣುವುದಿಲ್ಲ,
ಎದ್ದಾಗ ಚಪ್ಪಲಿ ಒದ್ದೆ.

ಡಾಕ್ಟರ್ ಝೀನತ್ ಹತ್ತಿರ ಒಮ್ಮೆ ಕೇಳಿದೆ,
ಯಾರದೋ ರಿಪೋರ್ಟು ಎಂಬಂತೆ.
'ಬೂದಿಯೊಳಗಿನ ಕೆಂಡ. ಹೊಗೆ ಬರುವುದಿಲ್ಲ.
ಬಿಳಿಕಣ ಮೊದಲೋ ಸಕ್ಕರೆ ಮೊದಲೋ
ಅದು ನಮಗೂ ಪೂರ್ತಿ ಗೊತ್ತಿಲ್ಲ.
ಅವರ ಸೊಂಟದ ಸುತ್ತಳತೆ ಎಷ್ಟು, ಹೇಳು.'
ಹೇಳುತ್ತ ನನ್ನ ಏಪ್ರನ್ನಿನ ಗುಂಡಿಯನ್ನೇ ನೋಡಿದರು.

ಗೆರೆ ಹನ್ನೊಂದು ಸಾವಿರಕ್ಕೆ.
ನಾನು ಒಳಗೇ ಇದ್ದೇನೆ, ಇಷ್ಟು ದಿನ.

ಚಾ ತಂದ ಹುಡುಗ ಲೋಟ ಇಟ್ಟು ಹೋದ,
ಎರಡು ಚಮಚ, ಕೇಳುವುದೇ ಇಲ್ಲ ಅವನು.
ಮೂರು ಮೂಲೆ ಮುಗಿಯಿತು.
ನಾಲ್ಕನೆಯದರಲ್ಲಿ ಇನ್ನೂರ ಹತ್ತೊಂಬತ್ತಕ್ಕೆ ನಿಂತಿದ್ದೇನೆ.
ಇನ್ನೊಂದು ಉಂಟು, ಗೆರೆಯ ಮೇಲೆ ಕೂತದ್ದು.

ಬಲದ ಗೆರೆಯಾದರೆ ಲೆಕ್ಕಕ್ಕಿಲ್ಲ.

ಫೋಕಸ್ಸಿನ ತಿರುಪು ಆಚೆ ತಿರುಗಿಸುತ್ತೇನೆ, ಈಚೆ ತಿರುಗಿಸುತ್ತೇನೆ,
ಎಡ ಯಾವುದೆಂದು
ಮರೆತವಳ ಹಾಗೆ.