ಎರಡೂ ಕಿವಿ ಕಾಣಬೇಕು

ಮೂರನೇ ಸೆಮಿಸ್ಟರಿಗೆ ಹನ್ನೆರಡು ಚಿತ್ರ, ಒಂದು ಕತೆ.
ನಸುಕಿನ ನಾಲ್ಕೂವರೆಗೆ ಬೈತಖೋಲ ಬಂದರು:
ಐಸಿನ ಹುಡಿ, ಡೀಸೆಲ್ಲು, ಹರಾಜಿನ ಕೂಗು,
ಟ್ಯೂಬ್‌ಲೈಟಿನ ಕೆಳಗೆ
ಬಂಗುಡೆ ಬೆನ್ನಿನ ಹಸಿರು ಗೀಟು ಇನ್ನೂ ಒದ್ದೆ.

ಸರ್ ಹೇಳಿದ್ದರು, ನೀನು ಅಲ್ಲಿಲ್ಲ ಅನ್ನುವಂತೆ ನಿಲ್ಲು.
ನಿಂತೆ. ಬುಟ್ಟಿ ಹೊತ್ತವಳ ಮೊಣಕೈ ಪಕ್ಕಕ್ಕೆ ಸರಿಸಿತು:
'ದಾರಿ ಬಿಡೇ ಬಾಯಿ,
ಫೋಟೋ ಎಲ್ಲೂ ಹೋಗೂದಿಲ್ಲ, ಮೀನು ಹಾಳಾಗ್ತದೆ.'

ಶೇವಂತಿ ಹರಿಕಂತ್ರ.
ನಲವತ್ತೇಳು ಫ್ರೇಮಿನಲ್ಲಿ ಅವಳೇ.
ಕತ್ತಲಲ್ಲಿ ಅರ್ಧ ಮುಖ,
ಸಿಂಬೆಯಿಂದ ಹಣೆಗಿಳಿದ ನೀರು.
ಏಳನೆಯ ದಿನ ಕ್ಯಾಮೆರಾದ ಪರದೆಗೆ ಬಾಗಿ ನೋಡಿದಳು.
'ಚಂದ ಉಂಟು. ನನಗೆ ಉಪಯೋಗಕ್ಕಿಲ್ಲ.
ಸೊಸೈಟಿ ಕಾರ್ಡಿಗೆ ಒಂದು ಬೇಕಿತ್ತು,
ಎರಡೂ ಕಿವಿ ಕಾಣಬೇಕಂತೆ.'

ಐಸ್‌ಪ್ಲಾಂಟಿನ ಸುಣ್ಣದ ಗೋಡೆಗೆ ನಿಲ್ಲಿಸಿದೆ.
ಮುಖ ತೊಳೆದಳು, ಸಿಂಬೆ ತೆಗೆದು ಬಲೆಯ ಮೇಲಿಟ್ಟಳು.
ವಾರವಿಡೀ ನನ್ನತ್ತ ತಿರುಗದವಳು
ನೇರ ನನ್ನನ್ನೇ ನೋಡಿದಳು.
ಲೆನ್ಸಿನ ಹಿಂದೆ ಒಬ್ಬಳಿದ್ದಾಳೆಂದು
ಆಗ ನನಗೆ ಗೊತ್ತಾಯಿತು.
ಕೈ ಅಲುಗಿ ಮೊದಲನೆಯದು ಮಸುಕು.

ಧಾರವಾಡದ ತರಗತಿಯಲ್ಲಿ ಹನ್ನೆರಡೂ ಗೋಡೆಗೇರಿದವು.
ಕೊನೆಯದರ ಮುಂದೆ ಸರ್ ಕನ್ನಡಕ ಏರಿಸಿದರು:
'ಇದು ಸ್ಟುಡಿಯೋ ಪಟ. ಕತೆ ಎಲ್ಲಿ?'
ಎಂಟು ಪ್ರತಿ ತೆಗೆಸಿದ್ದೆ ಸರ್,
ಏಳು ಅವಳ ಕವಳದ ಚೀಲದಲ್ಲಿವೆ ಎನ್ನಬಹುದಿತ್ತು.
ಅನ್ನಲಿಲ್ಲ.

ದುಡ್ಡು ಬೇಡವೆಂದಿದ್ದಕ್ಕೆ
ಎಲೆಯಲ್ಲಿ ಕಟ್ಟಿಕೊಟ್ಟ ಆರು ಬಂಗುಡೆ
ಬಸ್ಸು ಅಂಕೋಲೆ ದಾಟುವಷ್ಟರಲ್ಲಿ
ಹಿಂದಿನ ಸೀಟಿನವರೆಗೂ
ನನ್ನ ಗುರುತು ಹೇಳಿ ಮುಗಿಸಿದ್ದವು.